ಪೊಲೀಸ್ ಬಾಗಿಲು ತಟ್ಟಿದ ಮೇಲೆ

ಶವಪೆಟ್ಟಿಗೆ ಎತ್ತಲು ಬಗ್ಗಿದ ನಾಲ್ವರೂ ಆ ಮಾತಿಗೆ ಹಾಗೇ ನಿಂತುಬಿಟ್ಟರು.

“ಸ್ವಲ್ಪ ತಡೀರಿ. ಆ ಕೊಲೆಗಾರ ಸಿಕ್ಕಿಬಿದ್ನಾ, ಇಲ್ವಾ?”

ಕೇಳಿದವಳು ಸತ್ತವನ ಹೆಂಡತಿ. ಕಣ್ಣು ಕಾಣದ ಅವಳು ಪೆಟ್ಟಿಗೆಯ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದು ಯಾರೋ ಪಿಸುಗುಟ್ಟಿದರು.

“ಅಮ್ಮಾ, ಸಾವಿನ ಮನೇಲಿ ಇದೇನಮ್ಮಾ?” ಎಂದಳು ಮಗಳು.

“ನೀನು ಸುಮ್ನಿರು. ಕ್ಷೌರದಂಗಡಿಯವರು ಇದ್ದಾರಾ? ಅವರೂ ನೋಡಿದ್ದಾರೆ ಆ ಸಿನಿಮಾನ.”

ಪೆಟ್ಟಿಗೆಯ ಕಾಲುದೆಸೆಯಲ್ಲಿದ್ದ ಕ್ಷೌರಿಕ, “ಇಲ್ಲೇ ಇದೀನಿ ಅತ್ತಿಗೆ” ಎಂದ.

*

ಸತ್ತವನದು ಬೀಗ ರಿಪೇರಿ ಅಂಗಡಿ. “ಕಳ್ಳನೇ ನಮ್ಮ ಅನ್ನದಾತ ಕಣೇ” ಎಂದು ನಗುತ್ತಿದ್ದ. ಯುದ್ಧ ಮುಗಿದ ಕಾಲದ ಜಪಾನಿನ ಕಪ್ಪುಬಿಳುಪು ಅಪರಾಧದ ಸಿನಿಮಾಗಳೆಂದರೆ ಅವನಿಗೆ ಪ್ರಾಣ. ಹೆಂಡತಿಯ ಕಣ್ಣು ಹೋದ ಮೇಲೆ ಟೀವಿ ಮುಂದೆ ಅವಳನ್ನೂ ಕೂರಿಸಿಕೊಂಡು, ಕಂಡದ್ದನ್ನೆಲ್ಲ ಬಾಯಲ್ಲಿ ಹೇಳುತ್ತಿದ್ದ. ಕೊನೆಯ ರಾತ್ರಿಯೂ ಅಷ್ಟೇ.

“ಸತ್ತ ಸೈನಿಕನ ಹೆಸರು ಹೇಳ್ಕೊಂಡು ಕೊಲೆಗಾರ ಅವನ ಮನೆಗೇ ಬಂದಿದ್ದಾನೆ. ತಾಯಿಗೆ ನಿನ್ನ ಹಾಗೇ ಕಣ್ಣಿಲ್ಲ. ಮಗ ಬಂದ ಅಂತ ಬಡಿಸ್ತಿದ್ದಾಳೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ, ಇವನಿಗೆ ತುತ್ತು ಇಳೀತಿಲ್ಲ.”

“ತಾಯಿಗೆ ಅಷ್ಟೂ ಗೊತ್ತಾಗಲ್ವಾ?”

“ಗೊತ್ತು ಅಂತ ಕಾಣುತ್ತೆ. ಆದ್ರೆ ಹೇಳಲ್ಲ. ಈ ಸಿನಿಮಾದವರ ತಾಕತ್ತೇ ಅದು, ಬಾಯಿಬಿಟ್ಟು ಏನೂ ಹೇಳಲ್ಲ. ಹಾಂ, ಪೊಲೀಸ್ ಬಾಗಿಲು ತಟ್ಟಿದ.”

ಅಷ್ಟರಲ್ಲಿ ಕೆಮ್ಮು ಹತ್ತಿತು. ಉಳಿದದ್ದು ನಾಳೆ ಎಂದು ಟೀವಿ ಆರಿಸಿದ. ಮರುದಿನ ಅವನು ಏಳಲಿಲ್ಲ.

*

ಕ್ಷೌರಿಕನ ನಾಲಿಗೆ ತುದಿಗೆ ಸುಳ್ಳೊಂದು ಬಂದಿತ್ತು. ಆದರೆ ಒಂದು ದೃಶ್ಯವನ್ನೂ ತಿರುಚಿ ಹೇಳದ ಗೆಳೆಯ ಎದುರಿಗೇ ಮಲಗಿದ್ದ.

“ಇವನು ನನ್ನ ಮಗನೇ ಅಂತಾಳೆ ತಾಯಿ. ಪೊಲೀಸ್ ತಿರುಗಿ ಹೊರಡ್ತಾನೆ. ಆಗ ಕೊಲೆಗಾರನೇ ಎದ್ದು ಪೊಲೀಸಿನ ಹಿಂದೆ ಹೋಗ್ತಾನೆ ಅತ್ತಿಗೆ.”

“ಅವಳು ತಡೀಲಿಲ್ವಾ?”

“ಇಲ್ಲ. ಬಾಗಿಲಲ್ಲಿ ನಿಂತು ಅವನ ಹೆಜ್ಜೆ ಸಪ್ಪಳ ಕೇಳ್ತಾ ಇರ್ತಾಳೆ. ಅಲ್ಲಿಗೆ ಮುಗೀತು.”

ಬೆಳಗಿನಿಂದ ಬಾರದಿದ್ದ ಅಳು ಅವಳಿಗೆ ಆಗ ಬಂತು. ಮಗಳ ಹೆಗಲಿಗೆ ಮುಖ ಒತ್ತಿ ಬಹಳ ಹೊತ್ತು ಅತ್ತಳು. ಆಮೇಲೆ ಗೋಡೆ ಸವರುತ್ತ ಬಾಗಿಲಿಗೆ ಹೋಗಿ ನಿಂತಳು.

“ಎತ್ತಿ. ಆದ್ರೆ ಮೆತ್ತಗೆ ನಡೀಬೇಡಿ. ನಂಗೆ ಕೇಳಿಸ್ಬೇಕು.”

ಸಾವಿನ ಮನೆಯಲ್ಲಿ ಯಾರೂ ನಡೆಯದ ಹಾಗೆ, ನಾಲ್ವರೂ ಕಾಲು ಅಪ್ಪಳಿಸುತ್ತ ಮೆಟ್ಟಿಲಿಳಿದರು. ಬೀದಿಯ ತಿರುವು ದಾಟಿದ ಮೇಲೂ ಕ್ಷೌರಿಕ ಹಾಗೇ ನಡೆಯುತ್ತಿದ್ದ.