ಹಡಗು ನಿಲ್ಲಿಸುತ್ತಾರೆಂದ ಹುಡುಗಿ

ಹೈದರಾಬಾದಿನ ಮಾದಾಪುರದ ಒಂದು ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಕುಳಿತು ನಾನು ಹಡಗಿನ ಮಾತು ಕೇಳುತ್ತಿದ್ದೆ. ಆಸ್ಟ್ರೇಲಿಯಾದ ಒಂದು ಹಡಗು ಕಂಪನಿಗೆ ಜನ ಮಾಡುವ ಫೋನುಗಳೆಲ್ಲ ಅಲ್ಲಿಗೆ ಬರುತ್ತಿದ್ದ ಕಾಲ ಅದು. ಮೂವತ್ತೇ ಕ್ಯಾಬಿನ್ನುಗಳ ಚಿಕ್ಕ ಹಡಗು, ದೊಡ್ಡ ಹಡಗುಗಳು ಹೋಗಲಾರದ ದ್ವೀಪಗಳ ನಡುವೆ ಸುತ್ತುತ್ತದೆ. ಶ್ರೀಮಂತರ ಪ್ರವಾಸ. ಸಮುದ್ರವನ್ನೇ ನೋಡದ ನಮ್ಮ ಹುಡುಗ ಹುಡುಗಿಯರು ಅಲ್ಲಿನ ಹವಳದ ಬಣ್ಣ, ಊಟದ ಮೇಜು, ಸ್ನಾನದ ಕೋಣೆ ಎಲ್ಲವನ್ನೂ ಬಾಯಿಪಾಠ ಒಪ್ಪಿಸುತ್ತಿದ್ದರು. ಧ್ವನಿಮುದ್ರಿಸಿಟ್ಟ ಆ ಮಾತುಗಳನ್ನು ಕೇಳಿ ಅಂಕ ಕೊಡುವುದು ನನ್ನ ಕೆಲಸ.

ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾಗಿದ್ದೆ. ಆ ವರ್ಷ ಶ್ರಾವಣದಲ್ಲಿ ನಮ್ಮ ಮನೆಯವರು ತೀರಿಕೊಂಡರು. ನಾನು ಅತ್ತ ನೆನಪಿಲ್ಲ. ದಿಲ್‌ಸುಖ್‌ನಗರದ ಮನೆಯಲ್ಲಿ ಫ್ಯಾನು ತಿರುಗುವುದನ್ನು ನೋಡುತ್ತ ಕೂರುವುದೂ ಇಲ್ಲಿ ಯಾರದೋ ಮಾತು ಕೇಳುತ್ತ ಕೂರುವುದೂ ನನಗೆ ಒಂದೇ ಆಗಿತ್ತು. ಇಲ್ಲಿ ಎಸಿ ಇತ್ತು, ಅಷ್ಟೆ. ನನಗೆ ತಂಪು ಬಡಿಯುತ್ತದೆಂದು ಯಾರೋ ತಲೆಯ ಮೇಲಿನ ಗಾಳಿಕಿಂಡಿಗೆ ರಟ್ಟು ಅಂಟಿಸಿದ್ದರು. ಯಾರೆಂದು ಕೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರ ಹೆಸರು ಹೇಳಿದರು.

ಅನುರಾಧಾ ರಾಯಚೂರಿನ ಹುಡುಗಿ. ಫೋನಿನಲ್ಲಿ ಅವಳ ಹೆಸರು ಆನ್. ನನ್ನನ್ನು ಮಾತ್ರ, ಅವರೂರಿನಲ್ಲಿ ಕಲಿಸುವ ಹೆಂಗಸರನ್ನು ಕರೆಯುವಂತೆ, ‘ಅಕ್ಕೋರ’ ಎನ್ನುತ್ತಿದ್ದಳು. ಅವಳನ್ನು ಖಾಯಂ ಮಾಡಬೇಕೋ ಬೇಡವೋ ಎಂದು ತೀರ್ಮಾನವಾಗುವ ವಾರ ಅವಳದೊಂದು ಕಾಲ್ ನನ್ನ ಮುಂದೆ ಬಂತು. ನೂರಕ್ಕೆ ಎಂಬತ್ತು ಅಂಕ ಬಂದರೆ ಕೆಲಸ, ಇಲ್ಲದಿದ್ದರೆ ಊರು.

ಕರೆ ಮಾಡಿದ್ದವಳು ಒಬ್ಬ ಮುದುಕಿ. ತನಗೂ ಗಂಡನಿಗೂ ಕ್ಯಾಬಿನ್ ಗೊತ್ತುಮಾಡಿದ್ದಳು. ಈಗ ಗಂಡ ಇಲ್ಲ. ಆದರೂ ರದ್ದು ಮಾಡುವುದಿಲ್ಲ, ಆತನ ಬೂದಿ ತರುತ್ತೇನೆ, ಆತ ನೋಡಬೇಕೆಂದಿದ್ದ ದ್ವೀಪದ ಹತ್ತಿರ ನೀರಿಗೆ ಬಿಡಬಹುದೇ ಎಂದು ಕೇಳಿದಳು. ಸಾವಿನ ವಿಷಯ ಬಂದರೆ ಕಾಲನ್ನು ಆಸ್ಟ್ರೇಲಿಯಾದ ದೊಡ್ಡ ಆಫೀಸಿಗೆ ವರ್ಗಾಯಿಸಬೇಕೆಂಬುದು ನಿಯಮ. ಅನುರಾಧಾ ವರ್ಗಾಯಿಸಲಿಲ್ಲ. “ಖಂಡಿತ. ಅಲ್ಲಿ ಹಡಗು ನಿಲ್ಲಿಸುತ್ತಾರೆ” ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಟೀಮ್ ಲೀಡರ್ ಪ್ರಜ್ವಲ ಮೈಸೂರಿನವನು. ನನ್ನ ಹಿಂದೆ ನಿಂತು ಅದನ್ನು ಕೇಳಿದ.

“ಇದು ಫೇಟಲ್ ತಪ್ಪು, ಮೇಡಂ. ಗೊತ್ತಿಲ್ಲದ್ದನ್ನ ಆಗತ್ತೆ ಅಂತ ಮಾತು ಕೊಟ್ಟಿದಾಳೆ. ಸೊನ್ನೆ ಹಾಕ್ಬೇಕು.”

ಅನುರಾಧಾಳನ್ನು ಕರೆದೆವು. “ಹಡಗು ನಿಲ್ಲಿಸ್ತಾರೆ ಅಂತ ನಿಂಗೆ ಯಾರಮ್ಮ ಹೇಳಿದ್ದು?” ಎಂದ ಪ್ರಜ್ವಲ.

“ಯಾರ್ ಹೇಳಬೇಕ್ರಿ? ನಮ್ಮ ಕೃಷ್ಣಾ ನದ್ಯಾಗ ಕೈಯಾಗಿನ ಬೂದಿ ಗಡಿಗಿ ನೋಡಿದ ಕೂಡ್ಲೆ ಹರಗೋಲಿನವ ತಾನ ನಿಲ್ಲಸ್ತಾನ. ಬಾಯಿಬಿಟ್ಟು ಕೇಳಂಗೇ ಇಲ್ಲ.”

“ಅದು ಬುಟ್ಟಿ ಥರ ದೋಣಿ. ಇದು ಹಡಗು ಕಣೇ.”

“ಹಡಗಿನವ ಮನಷ್ಯಾ ಅಲ್ಲೇನ್ರಿ?”

ಪ್ರಜ್ವಲ ನನ್ನ ಕಡೆ ತಿರುಗಿದ. “ವಾದಕ್ಕೂ ಮಾರ್ಕ್ಸ್ ಇದೆಯಾ ಮೇಡಂ?”

ಅನುರಾಧಾ ನಗಲಿಲ್ಲ. “ಖಾಯಂ ಆಯ್ತು ಅಂತ ಮನ್ಯಾಗ ಮೊದಲೇ ಹೇಳಿಬಿಟ್ಟೀನ್ರಿ, ಅಕ್ಕೋರ” ಎಂದಳು.

ನನಗೆ ಮರುಕ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಆ ದಿನಗಳಲ್ಲಿ ಏನೂ ಬರುತ್ತಿರಲಿಲ್ಲ. ಉತ್ತರಪತ್ರಿಕೆ ತಿದ್ದುವವಳ ಒಣ ಬುದ್ಧಿಯೊಂದು ಉಳಿದಿತ್ತು. “ಹಡಗು ಖರೇನೇ ನಿಂತರ ಇದು ಸುಳ್ಳು ಹೇಗಾಗ್ತದ, ಪ್ರಜ್ವಲ?” ಎಂದೆ.

“ಆಗ ಫೇಟಲ್ ಅಲ್ಲ. ಆದ್ರೆ ಹಡಗಿನವ್ರನ್ನ ಕೇಳೋದು ನಮ್ ಕೆಲಸ ಅಲ್ಲ, ಮೇಡಂ.”

“ಯಾರ ಕೆಲಸ?”

ಅವನು ಕುರ್ಚಿ ಎಳೆದುಕೊಂಡು ಕೂತು, ನಾನು ಹೇಳಿದಂತೆ ಹಡಗಿನ ಕಪ್ತಾನನಿಗೆ ಈಮೇಲ್ ಟೈಪ್ ಮಾಡಿದ. ನನ್ನ ಹೆಸರು ಹಾಕು ಎಂದೆ. “ನಿಮಗ್ಯಾಕೆ ಬೈಗುಳ” ಎಂದು ತನ್ನ ಹೆಸರನ್ನೇ ಹಾಕಿದ.

ಎರಡು ದಿನ ಉತ್ತರ ಬರಲಿಲ್ಲ. ಕಂಪನಿಯ ಕಾರಿನಲ್ಲಿ ಅನುರಾಧಾ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ನನ್ನ ಊಟದ ಚೀಲವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು.

ಆಮೇಲೆ ಕಪ್ತಾನ ಬರೆದ. ಆ ದ್ವೀಪದ ಹತ್ತಿರ ನೀರಿನೊಳಗೆ ಬಂಡೆಗಳಿವೆ, ಹಡಗು ಹೋಗದು. ದೂರದಲ್ಲಿ ನಿಲ್ಲಿಸಿ ರಬ್ಬರ್ ದೋಣಿ ಇಳಿಸುತ್ತೇವೆ. ಅಷ್ಟೇ ಇತ್ತು.

ಇದನ್ನು ಮುದುಕಿಗೆ ತಿಳಿಸಬೇಕಿತ್ತು. “ನೀವು ಬಾಜೂಕ ಕೂಡ್ರಿ” ಎಂದು ಅನುರಾಧಾ ಇನ್ನೊಂದು ಹೆಡ್‌ಫೋನನ್ನು ನನ್ನ ಕೈಗೆ ಕೊಟ್ಟಳು. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡಳು. ನಂತರ, “ದೋಣಿಯಲ್ಲಿ ನಾನೂ ಹೋಗಬಹುದೇ? ಇಲ್ಲ, ಅವರೇ ನನ್ನಿಂದ ಬೂದಿ ತೆಗೆದುಕೊಂಡು ಹೋಗಿಬಿಡುತ್ತಾರೋ?” ಎಂದಳು.

ನಮ್ಮ ಮನೆಯವರ ಬೂದಿಯನ್ನು ಮೈದುನನ ಮಗ ರಾಘವೇಂದ್ರ ಕೃಷ್ಣೆಗೆ ಒಯ್ದಿದ್ದ. ಹೆಂಗಸರು ಹೋಗುವ ರೂಢಿ ಇರಲಿಲ್ಲ. ಬರ್ತೀಯೇನು ಎಂದು ಯಾರೂ ಕೇಳಲಿಲ್ಲ, ಬರ್ತೀನಿ ಎಂದು ನಾನೂ ಹೇಳಲಿಲ್ಲ. ಅವನು ಸಂಜೆ ಬಂದು, “ಎಲ್ಲಾ ಛಲೋ ಆತು, ದೊಡ್ಡವ್ವ” ಎಂದ. ತಲೆಯಾಡಿಸಿದ್ದೆ.

ಮುದುಕಿಯ ಪ್ರಶ್ನೆಗೆ ಕಪ್ತಾನನ ಪತ್ರದಲ್ಲಿ ಉತ್ತರ ಇರಲಿಲ್ಲ. ಅನುರಾಧಾ ಈ ಸಲ ಮೊದಲು ನನ್ನ ಮುಖ ನೋಡಿದಳು. ಆ ಕಡೆ ಮುದುಕಿ ಉಸಿರಾಡುವುದು ಕೇಳುತ್ತಿತ್ತು. ನಾನು ಹೂಂ ಎಂದು ಸನ್ನೆ ಮಾಡಿದೆ.

“ನೀವೇ ಕೂತು ಹೋಗುತ್ತೀರಿ. ನಿಮ್ಮ ಕೈಯಿಂದಲೇ ಬಿಡುತ್ತೀರಿ” ಎಂದಳು ಅನುರಾಧಾ.

ಆಕೆಯನ್ನು ದೋಣಿಯಲ್ಲಿ ಕೂರಿಸಲೇಬೇಕೆಂದು ಕಪ್ತಾನನಿಗೆ ನಾನೇ ಬರೆದೆ. ಮಧ್ಯಾಹ್ನದೊಳಗೆ ಒಂದೇ ಪದ ಬಂತು: ಆಗಲಿ.

ಅನುರಾಧಾಳಿಗೆ ಎಂಬತ್ತೆರಡು ಅಂಕ ಕೊಟ್ಟೆ.

“ಹದಿನೆಂಟು ಯಾಕ ಕಳದ್ರಿ, ಅಕ್ಕೋರ?”

“ಕಾಲ್ ವರ್ಗಾಯಿಸಲಿಲ್ಲಲ್ಲ. ತಪ್ಪು ತಪ್ಪೇ.”

“ಭಾಳ ಕಟುಕರಿದ್ದೀರಿ ಬಿಡ್ರಿ” ಎಂದು ಮೂಗು ಒರೆಸಿಕೊಂಡು ತನ್ನ ಜಾಗಕ್ಕೆ ಹೋದಳು. ನಾನು ಮುಂದಿನ ಕಾಲ್ ಹಾಕಿದೆ. ಕ್ಯಾಬಿನ್ನಿನ ಕಿಟಕಿ ತೆರೆಯಲು ಬರುತ್ತದೆಯೇ ಎಂದು ಯಾರೋ ಕೇಳುತ್ತಿದ್ದರು.