ಬಾಣಂತಿ ಕೋಣೆ ನೀಲಿಯಲ್ಲಿತ್ತು

ನೀರು ನಡುಗುತ್ತಿದೆ, ಮೇಜಿನ ಮೇಲಿನ ಬಾಟಲಿಯ ನೀರು, ಸಣ್ಣ ಸಣ್ಣ ಉಂಗುರ — ಇಲ್ಲ, ಭೂಕಂಪವಲ್ಲ, ಪಕ್ಕದ ಸೈಟಿನಲ್ಲಿ ಬಂಡೆ ಒಡೆಯುವ ಯಂತ್ರ, ವರ್ತೂರು ರಸ್ತೆಯುದ್ದಕ್ಕೂ ಇದೇ ಕುಟ್ಟಾಟ, ಅಪಾರ್ಟ್‌ಮೆಂಟಿಗೆ ಅಡಿಪಾಯ ತೋಡುತ್ತಿದ್ದಾರೆ, ಇಲ್ಲಿ ಏನೂ ಆಗುವುದಿಲ್ಲ, ಆಗುವುದೆಲ್ಲ ಅಲ್ಲಿ, ವಿಜಯಪುರದಾಚೆಯ ನಮ್ಮೂರಿನಲ್ಲಿ, ಅವ್ವ ಯಾಕೆ ಫೋನ್ ಎತ್ತುತ್ತಿಲ್ಲ. ಎತ್ತು ಅವ್ವಾ. ರಿಂಗ್ ಆಗುತ್ತಿದೆ, ಆಗುತ್ತಲೇ ಇದೆ, ನೀವು ಕರೆ ಮಾಡಿದ ಚಂದಾದಾರರು ಉತ್ತರಿಸುತ್ತಿಲ್ಲ ಎನ್ನುವ ಆ ಹೆಂಗಸಿನ ಗಂಟಲು ಹಿಸುಕಬೇಕು ಅನ್ನಿಸುತ್ತದೆ. ಪರದೆಯ ಮೇಲೆ ಎರಡು ನಕ್ಷೆ, ಒಂದು ಬೆಳಿಗ್ಗೆ ನಾನು ಮಾಡಿದ್ದು, ಇನ್ನೊಂದು ಈಗ ನಂದೀಶ್ ಮಾಡಿದ್ದು, ನನ್ನದರಲ್ಲಿ ನಮ್ಮೂರು ನೀಲಿ, ಅವನದರಲ್ಲಿ ಕೆಂಪು. ಪಕ್ಕದ ಕುರ್ಚಿಯಿಂದ ಎಷ್ಟು ತಣ್ಣಗೆ ಹೇಳಿದ, ಸೌಮ್ಯಾ, ನೀನ್ ತಗೊಂಡಿರೋ ಬಿರುಕೇ ತಪ್ಪು ಕಣೇ, ಇವತ್ತಿನ ಆಫ್ಟರ್‌ಶಾಕ್ ಎಲ್ಲಾ ಇನ್ನೊಂದ್ ದಿಕ್ಕಲ್ಲಿ ಸಾಲಾಗಿ ಬಂದಿದೆ ನೋಡು. ನೋಡಿದೆ, ಹೌದು, ಸಾಲು ನನ್ನ ಬಿರುಕಿಗೆ ಅಡ್ಡವಾಗಿತ್ತು. ಅವನಿಗೇನು ಗೊತ್ತು, ನನ್ನ ನೀಲಿಯನ್ನು ನಂಬಿ ಅಲ್ಲಿ ನನ್ನ ತಂಗಿ ಮಲಗಿದ್ದಾಳೆ, ಅವಳ ಪಕ್ಕ ಇನ್ನೂ ಹೆಸರಿಡದ ಕೂಸು.

ಎಷ್ಟು ಸುಲಭವಾಗಿ ಹೇಳಿಬಿಟ್ಟೆ. ಮೊನ್ನೆ ದೊಡ್ಡದಾಗಿ ನಡುಗಿದಾಗಿನಿಂದ ಊರಿಗೆ ಊರೇ ಹೊರಗೆ, ಬೇವಿನ ಮರದ ಕೆಳಗೆ ತಾಡಪತ್ರಿ, ಅಲ್ಲೇ ಅಡುಗೆ, ಅಲ್ಲೇ ನಿದ್ದೆ, ಆದರೆ ತಂಗಿ ನೀಲಾ ಬಾಣಂತಿ, ಹಸಿ ಮೈ, ಗಾಳಿ ತಾಗಬಾರದು, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡ, ಅದಕ್ಕೆಲ್ಲ ಬಾಣಂತಿ ಕೋಣೆಯೇ ಬೇಕು, ಕಿಟಕಿಯಿಲ್ಲದ ಕೋಣೆ, ಕಲ್ಲು ಮಣ್ಣಿನ ಗೋಡೆ, ತಲೆಯ ಮೇಲೆ ಮಣ್ಣಿನ ಮಾಳಿಗೆ, ನಾನೂ ಹುಟ್ಟಿದ್ದು ಅಲ್ಲೇ. ಬೆಳಿಗ್ಗೆ ಅವ್ವ ಫೋನಿನಲ್ಲಿ, ಸೌಮ್ಯಾ, ನೀ ಇದನ್ನ ಓದಿದಾಕಿ, ಕೂಸು ಥಂಡಿಗೆ ಕೆಮ್ಮಾಕತ್ತೇತಿ, ಒಳಗ ಕರ್ಕೊಂಡು ಹೋಗ್ಲೇನವಾ? ಓದಿದಾಕಿ! ಆ ಒಂದು ಮಾತಿಗೆ ಉಬ್ಬಿಹೋದೆನಲ್ಲ. ಯಾವುದೋ ದೇಶದ ವಿಮಾ ಕಂಪನಿಗಳಿಗೆ ಇಲ್ಲಿ ಕೂತು ಮಾಡಿಕೊಡುವ ಲೆಕ್ಕವನ್ನೇ ನಮ್ಮೂರಿಗೂ ಹಚ್ಚಿದೆ. ನೆಲದಡಿ ಬಿರುಕು ಜಾರಿದರೆ ಒತ್ತಡ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ, ಕೆಲವು ಕಡೆ ಬಂಡೆ ಸಡಿಲ, ಅದು ನೀಲಿ, ಕೆಲವು ಕಡೆ ಇನ್ನಷ್ಟು ಬಿಗಿ, ಅದು ಕೆಂಪು, ಕೆಂಪಿರುವಲ್ಲಿ ಮತ್ತೆ ಮತ್ತೆ ನಡುಗುತ್ತದೆ. ಆದರೆ ಜಾರಿದ್ದು ಯಾವ ಬಿರುಕು? ಕಂಪನದ ದಾಖಲೆ ಒಂದಕ್ಕೊಂದು ಅಡ್ಡವಾದ ಎರಡನ್ನು ತೋರಿಸಿ ಸುಮ್ಮನಾಗುತ್ತದೆ, ಇದೋ ಅದೋ ನೀನೇ ಆರಿಸಿಕೋ ಎಂದು, ಮೇಲೆಲ್ಲ ಕಪ್ಪು ಕಲ್ಲು, ಪದರದ ಮೇಲೆ ಪದರ, ಅದರಡಿಯ ಹಳೆಯ ಬಂಡೆ ಎತ್ತ ಸೀಳಿದೆಯೋ ಕಂಡವರಾರು, ನಾನು ಊರ ಪಕ್ಕದ ಹೊಳೆಯನ್ನು ನಂಬಿದೆ, ಹೊಳೆ ಹರಿದತ್ತಲೇ ಬಿರುಕೂ ಹರಿದಿರುತ್ತದೆ ಎಂದು — ಸುಳ್ಳು, ಈಗಲೂ ಸುಳ್ಳು ಹೇಳುತ್ತಿದ್ದೇನೆ, ಎರಡೂ ಬಿರುಕನ್ನು ಲೆಕ್ಕಕ್ಕೆ ಹಾಕಿ ನೋಡಬೇಕಿತ್ತು, ಮೊದಲನೆಯದರಲ್ಲೇ ಊರು ನೀಲಿ ಬಂತು, ಅಲ್ಲಿಗೇ ನಿಲ್ಲಿಸಿದೆ. ನನಗೆ ನೀಲಿ ಬೇಕಾಗಿತ್ತು. ನೀಲಿ ಎಂದರೆ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ, ಗ್ರಾಹಕರಿಗೆ ನೂರು ಸಲ ಬಡಿದುಕೊಳ್ಳುವ ನಾನು ಅವ್ವನಿಗೆ ಏನಂದೆ, ಏನೂ ಆಗಂಗಿಲ್ಲ, ಹೋಗ್ರಿ. ಹಂಗಾರ ತಂಬಿಗಿ ಇಡೂದು ಬ್ಯಾಡೇನು, ಅವ್ವ ಕೇಳಿದಳು. ನಮ್ಮ ಓಣಿಯ ಹೆಂಗಸರ ಕಾವಲು ಅದು, ಗೋಡೆಯೊಳಗಿನ ಗೂಡಿನಂಥ ಮಾಡದಲ್ಲಿ ಲೋಟ ಬೋರಲು ಹಾಕಿ ಅದರ ಮೇಲೆ ಹಿತ್ತಾಳೆ ತಂಬಿಗೆಯನ್ನು ನಿಲ್ಲಿಸುವುದು, ನೆಲ ಅಲುಗಿದರೆ ಮೊದಲು ಅದು ಬಿದ್ದು ಎಬ್ಬಿಸುತ್ತದೆ. ನಾನು ನಕ್ಕೆ, ಥೂ, ನಕ್ಕೆ, ನಿನ್ನ ತಂಬಿಗಿಗಿಂತ ನನ್ನ ಲೆಕ್ಕ ಖರೇ ಅದ ಅವ್ವಾ. ಇರ್ಲಿ ಬಿಡವಾ, ಕಾವಲಿಗೆ ಒಂದಿರ್ಲಿ, ಎಂದಳು.

ಮೆಟ್ಟಿಲು, ಲಿಫ್ಟಿಗೆ ಕಾಯಲಾಗಲಿಲ್ಲ, ಯಾಕೆ ಇಳಿಯುತ್ತಿದ್ದೇನೆ, ವೈಟ್‌ಫೀಲ್ಡಿನಿಂದ ಓಡಿ ಊರು ಮುಟ್ಟುತ್ತೇನೆಯೇ, ಕೂಸು ಎದ್ದೀತು ಎಂದು ಅವ್ವ ಫೋನನ್ನು ಪಡಸಾಲೆಯಲ್ಲೇ ಬಿಟ್ಟಿರುತ್ತಾಳೆ, ಅದು ಅಲ್ಲಿ ಒಂದೇ ಸಮನೆ ಬಡಿದುಕೊಳ್ಳುತ್ತಿರುತ್ತದೆ, ಯಾರಿದ್ದಾರೆ, ಇನ್ನು ಯಾರಿಗೆ ಮಾಡಲಿ, ಎದುರು ಮನೆಯ ಮಡಿವಾಳಪ್ಪ ಕಾಕಾ — ಎತ್ತಿದ, ಎತ್ತಿದ. ಕಾಕಾ, ಅವ್ವನ್ನ ಹೊರಗ ಕರೀರಿ, ನೀಲಾನ್ನ, ಎಲ್ಲಾರನ್ನೂ. ನಾ ಸಂತ್ಯಾಗ ಅದೀನಲ್ಲವಾ, ಎಲ್ಲಾರೂ ಒಳಗ ಮಲಗ್ಯಾರ, ನಿದ್ದಿಗೆಟ್ಟು ಸಾಕಾಗಿತ್ತು ನೋಡು. ಎಲ್ಲಾರೂ ಅಂದ್ರ? ಅಂದ್ರ ಓಣಿ ಮಂದಿ ಎಲ್ಲಾ, ನಿಮ್ಮವ್ವ ಮಹಾಂತಮ್ಮ ಮನಿ ಮನಿಗೆ ಹೋಗಿ ಹೇಳಿ ಬಂದಳು, ನಮ್ಮ ಸೌಮ್ಯಾ ಲೆಕ್ಕಾ ಹಾಕಿ ನೋಡ್ಯಾಳ, ಇನ್ನ ಅಂಜಿಕಿ ಇಲ್ಲ ಅಂತ, ತಾಡಪತ್ರಿ ಸೈತ ಬಿಚ್ಚೇವಿ. ಓಣಿ ತುಂಬ, ಅವ್ವಾ, ಓಣಿ ತುಂಬ ಹೇಳಿ ಬಂದೆಯಾ, ಮಗಳ ಹೆಮ್ಮೆಗೆ ಹಬ್ಬದ ಬುತ್ತಿ ಹಂಚಿದ ಹಾಗೆ ಹಂಚಿ ಬಂದೆಯಾ. ತಡಿ, ಮನಿಗೆ ಫೋನ್ ಹಚ್ಚತೀನಿ, ಎಂದು ಕಾಕಾ ಇಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಅವ್ವನೇ ಕಲಿಸಿದ ಗಾದೆ. ಗೇಟಿನಾಚೆ ಟೀ ಅಂಗಡಿಯ ಗೋಪಾಲಪ್ಪ, ಯಾಕಮ್ಮಾ ಇಂಗ್ ಓಡ್ಬಂದೆ, ಒಸಿ ಕುಂತ್ಕೋ, ಟೀ ಕುಡಿ, ಲೋಟ ಕೈಗಿಡುತ್ತಾನೆ, ಟೀ ನಡುಗುತ್ತಿದೆ, ಇಲ್ಲೂ ಆ ಯಂತ್ರ, ಏನ್ ಮಾಡದಮ್ಮಾ, ದಿನಾ ಇದೇ ಕುಟ್ಟದು, ನಮ್ಮನೆ ಗ್ವಾಡೆ ಎಲ್ಲಾ ಬಿರುಕ್ ಬುಟ್ಟದೆ. ಗೋಡೆ. ಮಾಡ. ಲೋಟದ ಮೇಲೆ ತಂಬಿಗೆ. ನಿಂತಿರು, ನಿಂತೇ ಇರು, ನಿನ್ನನ್ನು ನೋಡಿ ನಕ್ಕಿದ್ದು ತಪ್ಪಾಯಿತು, ಅಲುಗಬೇಡ.

ಮತ್ತೆ ಅವ್ವನಿಗೆ, ರಿಂಗ್, ರಿಂಗ್, ಹಲೋ — ಅವ್ವಾ! ಮೆಲ್ಲಕ ಮಾತಾಡವಾ, ಕೂಸು ಈಗರ ಕಣ್ಣು ಮುಚ್ಚೇತಿ, ಕೆಮ್ಮು ನಿಂತೇತಿ, ನಿನ್ನ ಪುಣ್ಯಾ. ಅವ್ವಾ ಕೂಸಿನ್ನ ಎತ್ಕೋ, ಹೊರಗ ಬಾ, ನಾ ತಪ್ಪು ಹೇಳೀನಿ. ಏನಂದಿ? ತಪ್ಪು ಹೇಳೀನವ್ವಾ. ಏನೋ ಗದ್ದಲ ಅದ ನಿನ್ನ ಕಡೆ, ಕೇಳವಲ್ದು. ಯಂತ್ರ, ಈ ಹಾಳು ಯಂತ್ರ ನನ್ನ ಮಾತನ್ನು ಕುಟ್ಟಿ ಪುಡಿ ಮಾಡುತ್ತಿದೆ, ನಿಲ್ಲಿಸಿ ಎಂದು ಯಾರಿಗೆ ಕೂಗಲಿ, ಗೋಪಾಲಪ್ಪನ ಲೋಟ ಎಲ್ಲಿ ಬಿತ್ತೋ, ಕಾಲ ಮೇಲೆ ಬಿಸಿ ಟೀ, ಒಮ್ಮೆಗೇ ಯಂತ್ರ ನಿಂತಿತು, ತಾನಾಗಿಯೇ ನಿಂತಿತು, ಎಲ್ಲ ನಿಶ್ಶಬ್ದ, ಅವ್ವನ ಉಸಿರು ಕೂಡ ಕೇಳುತ್ತದೆ, ಈಗ ಹೇಳಿದರೆ ಕೇಳುತ್ತದೆ, ಬಾಯಿ ತೆರೆಯುತ್ತೇನೆ — ಠಣ್. ಹಿತ್ತಾಳೆ, ಕಲ್ಲಿನ ನೆಲ. ಅವ್ವನ ಉಸಿರೂ ಕೇಳುತ್ತಿಲ್ಲ, ಲೈನ್ ಇದೆಯೋ ಹೋಯಿತೋ, ಆ ಸದ್ದು ಮಾತ್ರ ಕಿವಿಯಲ್ಲಿ, ತಂಬಿಗೆ, ಮಾಡದಿಂದ ಬಿದ್ದು ಕಲ್ಲಿನ ಮೇಲೆ ಉರುಳುತ್ತಿದೆ, ತಂಬಿಗೆ ಉರುಳುತ್ತಿದೆ, ತಂಬಿಗೆ