ಬೇಡ ಎನ್ನುವವರ ಎಣಿಕೆ

ವಿಶ್ವವಿದ್ಯಾಲಯದ ಕಚೇರಿ, ಕಿಟಕಿಯಾಚೆಯ ಹೆಂಗಸಿನ ಹೆಬ್ಬೆರಳಿಗೆ ರಬ್ಬರಿನ ಟೋಪಿ, ಅದರ ಮೈಮೇಲೆ ಸಣ್ಣ ಗುಳ್ಳೆಗಳು, ಹಾಳೆ ಮಗುಚಿದಾಗಲೆಲ್ಲ ಚರಕ್ ಅನ್ನುತ್ತದೆ, ಮುಂದೆ ಇನ್ನಿಬ್ಬರು, ಆಮೇಲೆ ವೇದವತಿ — ಅವಳ ಕೈಯಲ್ಲಿ ಓದು ಬಿಡುವ ಫಾರಂ, ಹೆಸರು ವಿಳಾಸವೆಲ್ಲ ಗಂಡನ ಕೈಬರಹ, ಶೇಷಗಿರಿಯ ಅಕ್ಷರ ಅಚ್ಚು ಹಾಕಿದಂತಿರುತ್ತದೆ, ಸಹಿ ಮಾತ್ರ ಅವಳದು, ನಿನ್ನೆ ಊಟದ ತಟ್ಟೆ ಸರಿಸಿ ಹಾಕಿದ್ದು. ಜೂನಲ್ಲಿ ಆಸ್ಟಿನ್‌ಗೆ ಟ್ರಾನ್ಸ್‌ಫರು ಕಣೆ, ಪ್ಯಾಕಿಂಗು ಕಂಪನಿಯವರದ್ದೇ, ಅಪಾರ್ಟ್‌ಮೆಂಟಿಗೆ ನೋಟಿಸು ಕೊಟ್ಟಾಯ್ತು, ನಿನಗೇನೂ ಅಬ್ಜೆಕ್ಷನ್ ಇಲ್ಲ ಅಲ್ವಾ, ಅಂದಿದ್ದ ಅವನು. ಹೂಂ ಅಂದಳು. ಇಲ್ಲ ಅಲ್ವಾ ಎಂದು ಕೇಳಿದರೆ ಬಾಯಿಗೆ ಬರುವುದು ಹೂಂ ಒಂದೇ, ಅವನು ಬೇರೆ ರೀತಿ ಕೇಳಿದ್ದೇ ಇಲ್ಲ, ಫ್ರೀಮಾಂಟಿನಿಂದ ಇಲ್ಲಿಗೆ ರೈಲಿನಲ್ಲಿ ಬರುವಾಗ ಉದ್ದಕ್ಕೂ ಯೋಚಿಸಿದಳು, ಹೇವರ್ಡು, ಸ್ಯಾನ್ ಲಿಯಾಂಡ್ರೊ, ಫ್ರೂಟ್‌ವೇಲು, ಒಂದು ಸಲವೂ ಇಲ್ಲ. ನಾಲ್ಕು ವರ್ಷದ ಓದು, ನಾರ್ವೆಯ ಸರ್ಕಾರಗಳು, ನಲವತ್ತೈದರಿಂದ ಈ ಎಂಬತ್ತಾರರ ಮೇ ತಿಂಗಳವರೆಗೆ, ಯಾರು ಬಂದರು, ಯಾರು ಹೋದರು, ಯಾಕೆ ಹೋದರು. ಧಾರವಾಡದಿಂದ ರಘೋತ್ತಮ ಕಾಕಾ ಬರೆಯುತ್ತಾನೆ, ಅಲ್ಲಾ ವೇದಾ, ಇಲ್ಲೆ ನಮ್ಮ ಸರ್ಕಾರ ಯಾವಾಗ ಬೀಳ್ತದೋ ಗೊತ್ತಿಲ್ಲ, ನೀ ಆ ಥಂಡಿ ದೇಶದ್ದು ಎಣಿಸ್ಕೋತ ಕೂತೀಯಲಾ. ಹೋದ ಶನಿವಾರ ಗೆಳೆಯರ ಮನೆಯ ಊಟದಲ್ಲಿ ಆ ಮನೆಯ ನಿರುಪಮಾ, ಏನ್ರೀ, ನಿಮ್ಮ ನಾರ್ವೆ ಬಿತ್ತಂತೆ, ಎಲ್ಲರೂ ನಕ್ಕರು, ಶೇಷಗಿರಿ ಎಲ್ಲರಿಗಿಂತ ಜೋರಾಗಿ. ಬಿದ್ದದ್ದು ನಿಜ, ಪೆಟ್ರೋಲಿನ ತೆರಿಗೆಯ ಮೇಲೆ ವಿಶ್ವಾಸಮತ ಕೇಳಿ ಬಿತ್ತು, ಹೊಸ ಸರ್ಕಾರದ ಹದಿನೆಂಟು ಜನರಲ್ಲಿ ಎಂಟು ಹೆಂಗಸರು, ಗ್ರಂಥಾಲಯದಲ್ಲಿ ಫೋಟೋ ನೋಡಿ ಎರಡು ಸಲ ಎಣಿಸಿದ್ದಳು, ಯಾರಿಗೂ ಹೇಳಲಿಲ್ಲ. ಚರಕ್. ಮುಂದೆ ಇನ್ನೊಬ್ಬ. ನಾರ್ವೆಯಲ್ಲಿ ನಡುವೆ ಚುನಾವಣೆ ಇಲ್ಲ, ನಾಲ್ಕು ವರ್ಷ ಅದೇ ಸಂಸತ್ತು, ಒಬ್ಬರು ಎದ್ದರೆ ಅದೇ ಸಂಸತ್ತಿನ ಎದುರು ಇನ್ನೊಬ್ಬರು ಕೂರುತ್ತಾರೆ, ಕೂರುವುದಕ್ಕೆ ಬಹುಮತ ಹೌದು ಅನ್ನಬೇಕಿಲ್ಲ, ಬೇಡ ಅನ್ನದಿದ್ದರೆ ಸಾಕು — ಅವಳ ಪ್ರಬಂಧದ ಮೊದಲ ಸಾಲು ಇದೇ, ಬರೆಯುವಾಗ ನಾರ್ವೆ ಬಿಟ್ಟು ಬೇರೇನೂ ನೆನಪಾಗಿರಲಿಲ್ಲ, ಈಗ ಸಾಲಿನಲ್ಲಿ ನಿಂತಾಗ ಹೆಣ್ಣು ನೋಡಿದ ದಿನದ ಕಾಕಾನ ದನಿ, ಹುಡುಗಿ ಬ್ಯಾಡ ಅಂದಿಲ್ಲಲಾ, ಮುಗೀತು, ಎಲಿ ಅಡಕಿ ತರ್ರಿ, ಅವಳು ಒಳಗೆ ಬಾಗಿಲ ಹಿಂದೆ, ಒಳಗೆ ಬಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಏನನ್ನುತ್ತಿದ್ದಳೋ ಅದೂ ಗೊತ್ತಿಲ್ಲ, ಶೇಷಗಿರಿ ಕೆಟ್ಟವನಲ್ಲ, ಹೊಡೆದಿಲ್ಲ ಬೈದಿಲ್ಲ, ಬರೀ ಕೂತಿದ್ದಾನೆ, ಬೇಡ ಅನ್ನುವವರು ಯಾರೂ ಇಲ್ಲ, ಕೂತಿದ್ದಾನೆ. ಅರವತ್ಮೂರರಲ್ಲಿ ನಾರ್ವೆಯ ಸಂಸತ್ತಿನಲ್ಲಿ ಅತ್ತ ಎಪ್ಪತ್ನಾಲ್ಕು, ಇತ್ತ ಎಪ್ಪತ್ನಾಲ್ಕು, ನಡುವೆ ಇಬ್ಬರು, ಸರ್ಕಾರದ ಕಲ್ಲಿದ್ದಲ ಗಣಿಯಲ್ಲಿ ಇಪ್ಪತ್ತೊಂದು ಜನ ಸತ್ತಿದ್ದರು, ಆ ಇಬ್ಬರು ಬೇಡ ಅಂದರು, ಹದಿನೆಂಟು ವರ್ಷ ಕೂತ ಪಕ್ಷ ಎದ್ದು ಹೋಯಿತು, ಬಂದ ಸರ್ಕಾರ ಬಾಳಿದ್ದು ನಾಲ್ಕೇ ವಾರ, ನಾಲ್ಕು ವಾರವಾದರೂ ಬೇರೆ ಜನ ಆ ಕುರ್ಚಿಯಲ್ಲಿ ಕೂತಿದ್ದರು — ನೆಕ್ಸ್ಟ್. ಫಾರಂ ಅವಳ ಕೈಯಿಂದ ಹೋಗೇಬಿಟ್ಟಿತು. ಚರಕ್, ಹಿಂದೆ ಮುಂದೆ, ಕೈಬರಹ ಚೆನ್ನಾಗಿದೆ ನಿಮ್ಮದು ಅನ್ನುತ್ತಾಳೆ ಹೆಂಗಸು, ಇಂಗ್ಲಿಷಿನಲ್ಲಿ, ಒಳ್ಳೆಯ ಮುಖ, ತಲೆಯೆತ್ತಿ ಕೇಳುತ್ತಾಳೆ, ಹಾಗಾದರೆ ನೀವು ಮತ್ತೆ ವಾಪಸು ಬರುವುದಿಲ್ಲ? ಯಾರೋ ಕೇಳಿದರು, ಕೊನೆಗೂ ಅವಳ ಮುಖ ನೋಡಿ ಕೇಳಿದರು, ಇದ್ದಷ್ಟು ಉಸಿರು ಕೂಡಿಸಿ ವೇದವತಿ ಹೇಳಿದಳು, ನೋ. ಗಟ್ಟಿಯಾಗಿಯೇ ಹೇಳಿದಳು. ಹೆಂಗಸು ತಲೆಯಾಡಿಸಿ ಮುದ್ರೆ ಎತ್ತಿ ಒತ್ತಿದಳು. ನೇರಳೆ ಬಣ್ಣ, ಇವತ್ತಿನ ತಾರೀಖು. ಧಾರವಾಡದಲ್ಲಿ ಬರೂದಿಲ್ಲೇನವಾ ಅಂದರೆ, ಇಲ್ಲ, ಬರ್ತೀನಿ ಅನ್ನುತ್ತಾರೆ, ಅವಳದು ಆ ಇಲ್ಲ, ಈ ದೇಶದ ನೋ ಅಂದರೆ ಬರುವುದಿಲ್ಲ, ಗೊತ್ತಿತ್ತಲ್ಲ, ಗ್ರೋಸರಿಯಲ್ಲಿ ಚೀಲ ಬೇಡವಾ ಅಂದವನಿಗೆ ಹೌದು, ಬೇಡ ಅಂತ ಯೆಸ್ ಅಂದು ಎಷ್ಟು ಸಲ ಚೀಲ ಹೊತ್ತು ತಂದಿಲ್ಲ, ಹುಟ್ಟಿ ಇಪ್ಪತ್ತೆಂಟು ವರ್ಷಕ್ಕೆ ಬಾಯಿಬಿಟ್ಟು ಹೇಳಿದ ಒಂದು ಬೇಡ, ಅದೂ ಹೂಂ ಎಂದೇ ಎಣಿಕೆಯಾಯಿತು, ಮುದ್ರೆ ಇನ್ನೂ ಒದ್ದೆ, ಹಿಂದಿನವನು ಬ್ಯಾಗು ಭುಜಕ್ಕೇರಿಸಿಕೊಳ್ಳುತ್ತಿದ್ದಾನೆ, ಇವಳು ಕದಲಲಿಲ್ಲ, ಹೆಂಗಸು ಇವಳ ಮುಖ ನೋಡಿದಳು, ಕಾಗದ ನೋಡಿದಳು, ಏನಮ್ಮಾ, ಇದು ನಿಮಗೆ ವಾಪಸು ಬೇಡ ತಾನೇ? ಮತ್ತೆ ಹಾಗೆಯೇ ಕೇಳಿದಳು, ಯೆಸ್ಸೋ ನೋವೋ, ಯಾವುದು ಅಂದರೆ ವಾಪಸು ಬೇಕು ಎಂದಾಗುತ್ತದೆ, ತಾರೀಖಿನ ಅಂಕಿಗಳ ಹೊಟ್ಟೆಯಲ್ಲಿ ಮಸಿ ಹೊಳೆಯುತ್ತಿದೆ, ಒಣಗಿಲ್ಲ, ಅಂಚಿನಿಂದ ಒಣಗುತ್ತ ಬರುತ್ತಿದೆ, ನೇರಳೆ, ಒದ್ದೆ, ಇನ್ನೂ ಒದ್ದೆ